ಸಹಿ ಹಾಕಿದರೆ ಕಂದಾಯ ಇಳಿಯುತ್ತದಾ?

ನಮ್ಮ ಅಂಗಡಿಯ ಬೋರ್ಡಿನಲ್ಲಿ ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್ ಅಂತ ಬರೆದಿದೆ. ಆದರೆ ಜಾಸ್ತಿ ಜನ ಬರುವುದು ಅರ್ಜಿ ಬರೆಸುವುದಕ್ಕೆ. ಹಾಸನದಲ್ಲಿ ಕಚೇರಿಗಳು ಹೆಚ್ಚಿರುವ ಬೀದಿ ನಮ್ಮದು. ಮೊದಲು ಅಪ್ಪ ಇಲ್ಲೇ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಈಗ ನಾನು ಕಂಪ್ಯೂಟರಿನಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಅದೇ ಕೆಲಸ ಮಾಡುತ್ತೇನೆ. ಪೌತಿ ಖಾತೆ, ಪಹಣಿ ತಿದ್ದುಪಡಿ, ವಿಧವಾ ವೇತನ. ಸಕಲೇಶಪುರ, ಆಲೂರು ಕಡೆಯವರು ಬಂದರೆ ಆನೆ ತುಳಿದ ಬೆಳೆಗೆ ಪರಿಹಾರ. 18 ವರ್ಷವಾಯಿತು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ' ಅನ್ನುವ ಸಾಲನ್ನು ಕಣ್ಣು ಮುಚ್ಚಿಕೊಂಡು ಟೈಪ್ ಮಾಡಬಲ್ಲೆ.

ಹೋದ ವರ್ಷ ನಮ್ಮ ಊರಿನವರಿಗೇ ಒಂದು ಅರ್ಜಿ ಟೈಪ್ ಮಾಡಿಕೊಟ್ಟೆ. ಮನೆ ಕಂದಾಯ ಏರಿಸಿದ್ದರ ವಿರುದ್ಧ.

ಊರು ಹಾಸನದಿಂದ ಹತ್ತು ಹನ್ನೊಂದು ಕಿಲೋಮೀಟರ್. ಹೆಸರು ಬೇಡ. ಏಪ್ರಿಲ್‌ನಲ್ಲಿ ಬಿಲ್ ಕಲೆಕ್ಟರ್ ಮನೆಮನೆಗೆ ಡಿಮ್ಯಾಂಡ್ ನೋಟಿಸ್ ಕೊಟ್ಟು ಹೋದರು. ಅಮ್ಮನ ಮನೆಗೆ ಹಿಂದಿನ ವರ್ಷ 640 ರೂಪಾಯಿ ಇದ್ದದ್ದು ಈ ಸಲ 1,910 ಆಗಿತ್ತು. ಅದು ಹೆಂಚಿನ ಮನೆ. ಹಿಂದೆ ಒಂದು ಕೊಟ್ಟಿಗೆ, ಪಕ್ಕದಲ್ಲಿ ಸೌದೆ ಒಟ್ಟುವ ಜಾಗ. ಅಷ್ಟೇ. ಅಮ್ಮ ನೋಟಿಸನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು ನನಗೆ ಫೋನ್ ಮಾಡಿದರು. ಅವತ್ತು ಸಂಜೆಯೇ ಅರಳಿಕಟ್ಟೆ ಮೇಲೆ ಜನ ಸೇರಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು. ಡಿಸಿ ಸಾಹೇಬರಿಗೆ ಅರ್ಜಿ ಕೊಡೋಣ, ಊರಿಗೆ ಊರೇ ಸಹಿ ಹಾಕೋಣ.

ಸಹಿ ಸಂಗ್ರಹಕ್ಕೆ ಹಾಲಿನ ಡೈರಿಗಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲ. ಬೆಳಿಗ್ಗೆ ಆರೂವರೆಗೆ ಇಡೀ ಊರು ಕ್ಯಾನು ಹಿಡಿದು ಸಾಲು ನಿಂತಿರುತ್ತದೆ. ಹುಡುಗರು ಪರೀಕ್ಷೆಗೆ ಒಯ್ಯುವ ಪ್ಯಾಡಿಗೆ ಹಾಳೆ ಸಿಕ್ಕಿಸಿಕೊಂಡು ಸಾಲಿನ ಉದ್ದಕ್ಕೂ ಓಡಾಡಿದರು. ನಾನು ಇಂಕ್ ಪ್ಯಾಡ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನಾವೆಲ್ಲ ಮೂಲೆಮನೆ ಅಜ್ಜಿ ಅಂತ ಕರೆಯುವ ಅಜ್ಜಿ ಅರ್ಧ ಲೀಟರ್ ಹಾಲು ಹಾಕಿ ಬಂದರು. ಅವರ ಎಡಗೈ ಹೆಬ್ಬೆಟ್ಟು ಹಿಡಿದು ಪ್ಯಾಡಿಗೆ ಒತ್ತಿದೆ. ಶುಂಠಿ ಕಿತ್ತು, ಹುಲ್ಲು ಕೊಯ್ದು ಸವೆದ ಬೆರಳು. ಹಾಳೆ ಮೇಲೆ ಗೆರೆಯೇ ಮೂಡಲಿಲ್ಲ, ಒಂದು ನೀಲಿ ಮಚ್ಚೆ ಮಾತ್ರ ಬಿತ್ತು. ಎರಡನೇ ಸಲ ಒತ್ತಿಸಿದೆ. ಆಗಲೂ ಅಷ್ಟೆ. ಅಜ್ಜಿ ಇಂಕನ್ನು ತಲೆಗೂದಲಿಗೆ ಒರೆಸಿಕೊಂಡು ಕೇಳಿದರು. "ಇದ್ಕೆ ಹೆಬ್ಬೆಟ್ಟು ಒತ್ತುದ್ರೆ ಕಂದಾಯ ಕಮ್ಮಿ ಆಯ್ತದಾ ಕಣವ್ವ?"

"ಆಗುತ್ತೆ ಅಜ್ಜಿ" ಅಂದುಬಿಟ್ಟೆ.

ಐದು ದಿನದಲ್ಲಿ 412 ಸಹಿ ಬಂತು. ಸೋಮವಾರ ಹತ್ತು ಜನ ಹೋಗಿ ಕೊಟ್ಟು, ನಮ್ಮ ಪ್ರತಿಯ ಮೇಲೆ ರಿಸೀವ್ಡ್ ಸೀಲ್ ಹಾಕಿಸಿಕೊಂಡು ಬಂದೆವು. ಏಳು ವಾರ ಬಿಟ್ಟು ಹಿಂಬರಹ ಬಂತು. ನಾಲ್ಕೇ ಸಾಲು. 'ದರ ಪರಿಷ್ಕರಣೆಗೆ ಆಕ್ಷೇಪಣೆ ಸಲ್ಲಿಸಲು ನೀಡಿದ್ದ 30 ದಿನಗಳ ಕಾಲಾವಧಿಯಲ್ಲಿ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ. ಆದ್ದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.'

ಪಂಚಾಯಿತಿಗೆ ಹೋಗಿ ನೋಡಿದೆ. ನೋಟಿಸ್ ನಿಜವಾಗಿಯೂ ಬೋರ್ಡಿನಲ್ಲಿತ್ತು. ಜನವರಿಯ ತಾರೀಕು. ಅದರ ಮೇಲೆ ಪೋಲಿಯೋ ಹನಿಯ ಪೋಸ್ಟರ್ ಅಂಟಿಸಿದ್ದರು, ಕೆಳಗಿನ ಮೂರು ಸಾಲು ಮಾತ್ರ ಕಾಣುತ್ತಿತ್ತು. ಜನವರಿ, ಫೆಬ್ರವರಿಯಲ್ಲಿ ನಾನೇ ಮೂರು ಸಲ ಆ ಬೋರ್ಡಿನ ಮುಂದೆ ಹಾದು ಹೋಗಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 412 ಜನ ಸಹಿ ಹಾಕಿದ್ದರು. ಆ 30 ದಿನದಲ್ಲಿ ಅವರಲ್ಲಿ ಹತ್ತು ಜನ ಬರೆದುಕೊಟ್ಟಿದ್ದರೂ ಪಂಚಾಯಿತಿ ಸಭೆಯಲ್ಲಿ ಅದನ್ನು ಓದಲೇಬೇಕಾಗುತ್ತಿತ್ತು, ಅಲ್ವಾ?

ಅಪ್ಪ ಒಂದು ಮಾತು ಹೇಳುತ್ತಿದ್ದರು. ಅರ್ಜಿ ಬರೆಯುವ ಮೊದಲು ಬಂದವರನ್ನು ಕೇಳಬೇಕು, ಇದನ್ನು ಕೊಡುವ ಅಧಿಕಾರ ಯಾರ ಕೈಯಲ್ಲಿದೆ ಅಂತ. ಊರಿನ ಸಿಟ್ಟಿನಲ್ಲಿ ನಾನು ಅದನ್ನೇ ಮರೆತಿದ್ದೆ.

ನನ್ನ ತಮ್ಮ ಕೆನಡಾದಲ್ಲಿದ್ದಾನೆ, ಬ್ರಿಟಿಷ್ ಕೊಲಂಬಿಯಾದ ಸರ್ರೆ ಅನ್ನುವ ಊರಿನಲ್ಲಿ. ಭಾನುವಾರ ಫೋನ್ ಮಾಡಿದಾಗ ಈ ಕಥೆ ಹೇಳಿಕೊಂಡೆ. "ಅಕ್ಕಾ, ಇಲ್ಲಿ ಅರ್ಜಿಯಿಂದಲೇ ಒಂದು ಟ್ಯಾಕ್ಸ್ ಬಿದ್ದುಹೋಗಿದೆ ಗೊತ್ತಾ?" ಅಂದ. ನಾನು ನಂಬಲಿಲ್ಲ. ಆಮೇಲೆ ಒಂದು ವಾರ ಅದನ್ನೇ ಓದಿದೆ.

ಅಲ್ಲಿ ಮಾರಾಟದ ಮೇಲೆ ಕೇಂದ್ರ ಸರ್ಕಾರದ ತೆರಿಗೆ 5 ಪರ್ಸೆಂಟ್, ಪ್ರಾಂತ್ಯದ ತೆರಿಗೆ 7 ಪರ್ಸೆಂಟ್ ಬೇರೆ ಬೇರೆ ಇದ್ದವು. 2009ರ ಮೇನಲ್ಲಿ ಚುನಾವಣೆ ಆಯಿತು. ಚುನಾವಣೆಗೆ ಮುಂಚೆ, ಆಗ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂಥ ಹುದ್ದೆ) ಆಗಿದ್ದ ಗಾರ್ಡನ್ ಕ್ಯಾಂಪ್‌ಬೆಲ್ ಅವರ ಪಕ್ಷ ಎರಡನ್ನೂ ಸೇರಿಸುವ ಯೋಚನೆ ಇಲ್ಲ ಅಂದಿತ್ತು. ಗೆದ್ದು ಎರಡು ತಿಂಗಳಲ್ಲೇ ಸೇರಿಸುತ್ತೇವೆ ಅಂತ ಘೋಷಿಸಿತು. 2010ರ ಜುಲೈ 1ರಿಂದ ಎಚ್‌ಎಸ್‌ಟಿ ಅನ್ನುವ 12 ಪರ್ಸೆಂಟಿನ ಒಂದೇ ತೆರಿಗೆ ಬಂತು. ಮೊದಲು ಹೋಟೆಲ್ ಊಟಕ್ಕೆ ಪ್ರಾಂತ್ಯದ 7 ಪರ್ಸೆಂಟ್ ಇರಲಿಲ್ಲ, ಈಗ ಬಿತ್ತು. ಜನಕ್ಕೆ ದುಡ್ಡಿಗಿಂತ ಮೋಸ ಹೋದ ಸಂಕಟ ಜಾಸ್ತಿ ಇತ್ತು ಅಂತ ನನಗೆ ಅನಿಸುತ್ತದೆ.

ಆ ಪ್ರಾಂತ್ಯದಲ್ಲಿ 1995ರಿಂದ ಒಂದು ಕಾನೂನು ಇದೆ. ನಾಗರಿಕರು ಅರ್ಜಿ ಹಿಡಿದು ಹೊರಡಬಹುದು. 90 ದಿನದೊಳಗೆ ಪ್ರತಿ ಕ್ಷೇತ್ರದಲ್ಲೂ ನೋಂದಾಯಿತ ಮತದಾರರ 10 ಪರ್ಸೆಂಟ್ ಸಹಿ ತರಬೇಕು. ಒಂದೆರಡು ಕ್ಷೇತ್ರ ಅಲ್ಲ, ಇದ್ದ 85 ಕ್ಷೇತ್ರದಲ್ಲೂ. ತಂದರೆ ಸರ್ಕಾರ ಅದನ್ನು ಕಪಾಟಿನಲ್ಲಿ ಇಡುವ ಹಾಗಿಲ್ಲ, ಮುಂದಿನ ಹೆಜ್ಜೆ ಇಡಲೇಬೇಕು. ಹಿಂದೆ ಅಲ್ಲಿಯೇ ಪ್ರೀಮಿಯರ್ ಆಗಿದ್ದ ಬಿಲ್ ವ್ಯಾಂಡರ್ ಝಾಮ್ ಮುಂದೆ ನಿಂತರು. ಕಾಗದದ ಮೇಲೆ, ಪೆನ್ನಿನಲ್ಲಿ, ಮನೆಮನೆಗೆ ಹೋಗಿ ಸಹಿ ತಂದರು. ಪರಿಶೀಲನೆ ಆದಮೇಲೆ ಸಿಂಧು ಅಂತ ಉಳಿದದ್ದೇ 5.57 ಲಕ್ಷಕ್ಕೂ ಹೆಚ್ಚು. ಆ ಕಾನೂನಿನಲ್ಲಿ ಗೆದ್ದ ಮೊದಲ ಅರ್ಜಿ ಅದು. ನವೆಂಬರಿನಲ್ಲಿ ಕ್ಯಾಂಪ್‌ಬೆಲ್ ರಾಜೀನಾಮೆ ಘೋಷಿಸಿದರು. 2011ರಲ್ಲಿ ಅಂಚೆ ಮೂಲಕ ಜನಮತ ನಡೆಯಿತು. ಸುಮಾರು 54.7 ಪರ್ಸೆಂಟ್ ಜನ ತೆರಿಗೆ ಬೇಡ ಅಂದರು. 2013ರ ಏಪ್ರಿಲ್ 1ಕ್ಕೆ ಹಳೆಯ ಎರಡು ತೆರಿಗೆಗಳೇ ವಾಪಸ್ ಬಂದವು.

ಸಹಿ ತೆಗೆದುಕೊಂಡ ಮೇಲೂ ತೆರಿಗೆ ಹೋಗುವುದಕ್ಕೆ ಎರಡೂವರೆ ವರ್ಷದ ಮೇಲೆ ಹಿಡಿಯಿತು. ಇನ್ನೊಂದು ವಿಷಯ. ಎಚ್‌ಎಸ್‌ಟಿ ತಂದಿದ್ದಕ್ಕೆ ಕೇಂದ್ರ ಆ ಪ್ರಾಂತ್ಯಕ್ಕೆ 160 ಕೋಟಿ ಡಾಲರ್ ಕೊಡುವುದಾಗಿ ಒಪ್ಪಂದ ಆಗಿತ್ತು. ತೆರಿಗೆ ಬಿದ್ದ ಮೇಲೆ ಆ ದುಡ್ಡನ್ನೂ ವಾಪಸ್ ಕೊಡಬೇಕಾಯಿತು. ಕೊಟ್ಟಿದ್ದು ಯಾರ ಜೇಬಿನಿಂದ? ಸಹಿ ಹಾಕಿದವರ ಜೇಬಿನಿಂದಲೇ.

ನಮ್ಮಲ್ಲಿ ಅಂಥ ಕಾನೂನಿಲ್ಲ. ಎಷ್ಟು ಲಕ್ಷ ಸಹಿ ತಂದರೂ ಒಂದು ತೆರಿಗೆಯನ್ನು ಜನಮತಕ್ಕೆ ಹಾಕಿ ಅಂತ ಸರ್ಕಾರವನ್ನು ಕಟ್ಟಿಹಾಕಲು ಆಗುವುದಿಲ್ಲ. ಇಂಗ್ಲೆಂಡಿನಲ್ಲೂ 2007ರಲ್ಲಿ ರಸ್ತೆ ಬಳಕೆಗೆ ಶುಲ್ಕ ಹಾಕುವ ಯೋಜನೆಯ ವಿರುದ್ಧ 18 ಲಕ್ಷ ಜನ ಆನ್‌ಲೈನಿನಲ್ಲಿ ಸಹಿ ಹಾಕಿದರು. ಪ್ರಧಾನಿ ಟೋನಿ ಬ್ಲೇರ್ ಸಹಿ ಹಾಕಿದವರಿಗೆ ಇಮೇಲಿನಲ್ಲಿ ಉತ್ತರ ಬರೆದರು, ಯೋಜನೆ ಯಾಕೆ ಬೇಕು ಅಂತ ವಿವರಿಸಿ. ಅದು ಮೂಲೆಗೆ ಸೇರಿದ್ದು ಆಮೇಲೆ.

ಹಾಗಂತ ಇಲ್ಲಿ ಏನೂ ಆಗಿಲ್ಲ ಅಂತಲ್ಲ. 2016ರ ಬಜೆಟ್ ನೆನಪಿದೆಯಾ? ಪಿಎಫ್ ತೆಗೆಯುವಾಗ 60 ಪರ್ಸೆಂಟ್ ಭಾಗಕ್ಕೆ ತೆರಿಗೆ ಅಂತ ಫೆಬ್ರವರಿ 29ರಂದು ಹೇಳಿದರು. ಆನ್‌ಲೈನ್ ಅರ್ಜಿ, ಕಾರ್ಮಿಕ ಸಂಘಗಳು, ಟಿವಿ, ಎಲ್ಲಾ ಕಡೆಯಿಂದ ಗಲಾಟೆ ಎದ್ದಿತು. ಮಾರ್ಚ್ 8ರಂದು ಅರುಣ್ ಜೇಟ್ಲಿ ಲೋಕಸಭೆಯಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಹತ್ತು ದಿನವೂ ಆಗಿರಲಿಲ್ಲ. ಅದು ಇನ್ನೂ ಪ್ರಸ್ತಾಪವಾಗಿತ್ತು, ಒಂದು ರೂಪಾಯಿಯೂ ವಸೂಲಾಗಿರಲಿಲ್ಲ. ಹಸಿ ಗೋಡೆ ಕೆಡವುವುದು ಸುಲಭ.

ಸ್ಯಾನಿಟರಿ ಪ್ಯಾಡಿನದು ಕಷ್ಟದ್ದು, ಯಾಕೆಂದರೆ ಅಲ್ಲಿ ತೆರಿಗೆ ಆಗಲೇ ಜಾರಿಯಾಗಿತ್ತು. 2017ರ ಜುಲೈ 1ರಿಂದ 12 ಪರ್ಸೆಂಟ್ ಜಿಎಸ್‌ಟಿ. ಅದೇ ಪಟ್ಟಿಯಲ್ಲಿ ಕುಂಕುಮ, ಬಿಂದಿ, ಗಾಜಿನ ಬಳೆಗೆ ಸೊನ್ನೆ. ನನ್ನ ಮಗಳು ಆಗ ಏಳನೇ ಕ್ಲಾಸು. ಮೆಡಿಕಲ್ ಸ್ಟೋರಿನವರು ಕೊಟ್ಟ ಬಿಲ್ಲನ್ನು ನಾನು ಎರಡು ಸಲ ಓದಿದ್ದು ಇವತ್ತಿಗೂ ನೆನಪಿದೆ. ಆಗ ಸಂಸದೆಯಾಗಿದ್ದ ಸುಷ್ಮಿತಾ ದೇವ್ ಆನ್‌ಲೈನ್ ಅರ್ಜಿ ಶುರು ಮಾಡಿದರು, ಲಕ್ಷಗಟ್ಟಲೆ ಜನ ಸಹಿ ಹಾಕಿದರು. ಜೆಎನ್‌ಯುವಿನ ವಿದ್ಯಾರ್ಥಿನಿಯೊಬ್ಬರು ದೆಹಲಿ ಹೈಕೋರ್ಟಿಗೆ ಹೋದರು. ಬಿಂದಿಗೆ, ಕಾಡಿಗೆಗೆ ವಿನಾಯಿತಿ ಇರುವಾಗ ಇದಕ್ಕೆ ಯಾಕಿಲ್ಲ ಅಂತ ಕೋರ್ಟೇ ಕೇಳಿತು. 2018ರ ಜುಲೈ 21ರಂದು ಜಿಎಸ್‌ಟಿ ಕೌನ್ಸಿಲ್ ಅದನ್ನು ಸೊನ್ನೆ ಮಾಡಿತು. ಈ ಗೆಲುವಿನಲ್ಲೂ ಒಂದು ತೊಡಕಿದೆ. ಮಾರುವ ವಸ್ತುವಿಗೆ ತೆರಿಗೆ ಇಲ್ಲ ಅಂದಮೇಲೆ, ಅದನ್ನು ಮಾಡಲು ಕೊಂಡ ಸಾಮಾನಿಗೆ ಕಟ್ಟಿದ ತೆರಿಗೆಯನ್ನು ಕಂಪನಿಯವರು ವಾಪಸ್ ಪಡೆಯುವ ಹಾಗಿಲ್ಲ. ಹಾಗಾಗಿ ತೆರಿಗೆ ಹೋದಷ್ಟೂ ಬೆಲೆ ಇಳಿಯಬೇಕೆಂದೇನಿಲ್ಲ. ಆದರೂ ನನಗೆ ಅದು ದೊಡ್ಡ ವಿಷಯವೇ. ಕುಂಕುಮಕ್ಕೆ ಇಲ್ಲದ್ದು ಇದಕ್ಕೆ ಯಾಕೆ ಅನ್ನುವ ಪ್ರಶ್ನೆ ಯಾರಿಗೆ ಬೇಕಾದರೂ ಅರ್ಥವಾಗುವಂಥದ್ದು. ಉತ್ತರ ಕೊಡುವವರಿಗೆ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ.

2025ರ ಜುಲೈನಲ್ಲಿ ಆದದ್ದು ನಮ್ಮ ಮನೆಗೇ ತಟ್ಟಿತು. ಬೆಂಗಳೂರಿನ ಬೇಕರಿಗಳಲ್ಲಿ ಹಾಸನದ ಕಡೆಯವರು ಎಷ್ಟಿದ್ದಾರೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಚಿಕ್ಕಪ್ಪನ ಮಗನದ್ದೂ ಅಲ್ಲೊಂದು ಬೇಕರಿ ಇದೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ವಸ್ತು ಮಾರುವವರಾದರೆ ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನಾಲ್ಕು ವರ್ಷದ ಬಾಕಿ ಅಂತ ಒಟ್ಟಿಗೆ ಕೇಳಿದಾಗ ಜನ ನಡುಗಿಹೋದರು. ಕ್ಯೂಆರ್ ಕೋಡ್ ಕಿತ್ತು, 'ಕ್ಯಾಶ್ ಮಾತ್ರ' ಅಂತ ರಟ್ಟಿನ ಮೇಲೆ ಬರೆದು ತಗುಲಿಹಾಕಿದರು. ಜುಲೈ 25ಕ್ಕೆ ಬಂದ್ ಅಂತ ತೀರ್ಮಾನ ಆಯಿತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಅಂದರು. ಬಂದ್ ನಿಂತಿತು. ಜಿಎಸ್‌ಟಿ ಹಾಗೇ ಇದೆ, 40 ಲಕ್ಷದ ಮಿತಿಯೂ ಹಾಗೇ ಇದೆ. ಇಳಿದದ್ದು ಹಳೆಯ ಬಾಕಿ ಮಾತ್ರ. ಅಂಗಡಿ ಬಾಗಿಲು ಎಳೆಯುತ್ತೇವೆ ಅಂದದ್ದಕ್ಕೆ ಆ ಸಭೆ ನಡೆಯಿತು, ಬರೀ ಮನವಿ ಪತ್ರಕ್ಕೆ ಅಷ್ಟು ಬೇಗ ನಡೆಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಪ್ರತಿ ವರ್ಷ ಜುಲೈ 21ರ ಹಿಂದಿನ ದಿನ ರೈತ ಸಂಘದ ಹಿರಿಯರೊಬ್ಬರು ಹಸಿರು ಶಾಲು ಹಾಕಿಕೊಂಡು ಅಂಗಡಿಗೆ ಬರುತ್ತಾರೆ, ಮನವಿ ಟೈಪ್ ಮಾಡಿಸುವುದಕ್ಕೆ. 1980ರ ಅದೇ ದಿನ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಮಲಪ್ರಭಾ ಅಚ್ಚುಕಟ್ಟಿನ ಜಮೀನಿಗೆ ಹಾಕಿದ್ದ ಅಭಿವೃದ್ಧಿ ಕರದ ವಿರುದ್ಧದ ಹೋರಾಟ ಅದು. ಗುಂಡೂರಾವ್ ಸರ್ಕಾರ ರಿಯಾಯಿತಿ ಘೋಷಿಸಿದ್ದು ಹೆಣ ಬಿದ್ದ ಮೇಲೆ. ರೈತ ಸಂಘ ಹುಟ್ಟಿದ್ದೂ ಅದೇ ವರ್ಷ. ಆ ಹಿರಿಯರ ಮನವಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಒಂದು ಕಾಗದವನ್ನು ಸಕಾಲಕ್ಕೆ ಓದಿದ್ದರೆ ಎಷ್ಟು ಮನೆ ಉಳಿಯುತ್ತಿತ್ತು ಅಂತ ಪ್ರತಿ ಸಲ ಹೊಟ್ಟೆ ಉರಿಯುತ್ತದೆ.

ನಮ್ಮ ಊರಿಗೆ ಬರುತ್ತೇನೆ. ಪಕ್ಕದ ಅಂಗಡಿಯ ಮೇಲೆ ಕೂರುವ ವಕೀಲರಿಗೆ ಹಿಂಬರಹ ತೋರಿಸಿದೆ. ಅವರು ಸಂವಿಧಾನದ 265ನೇ ವಿಧಿ ಹೇಳಿದರು. ಕಾನೂನಿನ ಅಧಿಕಾರ ಇಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲಿ ಮಾಡುವಂತಿಲ್ಲ. "ದರ ಜಾಸ್ತಿ ಅಂತ ಅಳಬೇಡಿ ಮೇಡಂ. ಲೆಕ್ಕ ಸರಿ ಇದೆಯಾ ನೋಡಿ" ಅಂದರು.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಊರಿನ ತೆರಿಗೆ ಪಟ್ಟಿಯ ನಕಲು ಕೇಳಿದೆ. ಪುಟಕ್ಕೆ 2 ರೂಪಾಯಿ ಕಟ್ಟಿಸಿಕೊಂಡು ಕೊಟ್ಟರು. ರಾತ್ರಿ ಊಟ ಆದಮೇಲೆ ಅಮ್ಮನೂ ನಾನೂ ಪಟ್ಟಿ ಹಿಡಿದು ಕೂತೆವು. ನಾನು ಮನೆ ನಂಬರ್ ಓದುವುದು, ಅಮ್ಮ ಮನೆ ಹೇಗಿದೆ ಅಂತ ಹೇಳುವುದು. ಊರಿನ ಒಂದೊಂದು ಮಾಡೂ ಅಮ್ಮನಿಗೆ ಗೊತ್ತು. ಮೂರನೇ ಪುಟಕ್ಕೆ ನಮ್ಮ ಮನೆ ಬಂತು. ಚಾವಣಿ ಅನ್ನುವ ಕಾಲಮ್ಮಿನಲ್ಲಿ 'ಆರ್‌ಸಿಸಿ' ಅಂತ ಇತ್ತು. ಅಮ್ಮ ತಲೆ ಎತ್ತಿ ಹೆಂಚು ನೋಡಿದರು. ಒಡೆದ ಒಂದು ಹೆಂಚಿನ ಸಂದಿಯಲ್ಲಿ ಅಟ್ಟಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಕಾಣುತ್ತಿತ್ತು.

ಆ ರಾತ್ರಿ 57 ಹೆಂಚಿನ ಮನೆ ಸಿಕ್ಕವು, ಎಲ್ಲವೂ ಆರ್‌ಸಿಸಿ ಲೆಕ್ಕದಲ್ಲಿ. ನಾಲ್ಕು ಮನೆಗೆ ಕೊಟ್ಟಿಗೆಯನ್ನೂ ವಾಸದ ಮನೆ ಅಂತ ಸೇರಿಸಿದ್ದರು. ಮೂಲೆಮನೆ ಅಜ್ಜಿಯದ್ದೂ ಅದರಲ್ಲಿತ್ತು.

ಈ ಸಲ ಒಟ್ಟು ಅರ್ಜಿ ಬರೆಯಲಿಲ್ಲ. ಒಂದು ಮನೆಗೆ ಒಂದು ಅರ್ಜಿ. ಮೇಲೆ ಮನೆ ನಂಬರ್, ಕೆಳಗೆ ಚಾವಣಿಯ ಫೋಟೋ, ಅಡಕವಾಗಿ ಪಟ್ಟಿಯ ಆ ಪುಟದ ನಕಲು. ಕೇಳಿದ್ದು ಒಂದೇ ವಿಷಯ, ಸ್ಥಳಕ್ಕೆ ಬಂದು ಅಳೆದು ಸರಿಪಡಿಸಿ. 'ದಯಾಪರರಾದ ತಾವುಗಳು' ಅನ್ನುವುದನ್ನು ನಾನು ಬೇಕಂತಲೇ ಬಿಟ್ಟೆ. 57 ಅರ್ಜಿಗೂ ಬೇರೆ ಬೇರೆ ಸೀಲ್ ಹಾಕಿಸಿದೆವು. ಟಪಾಲು ನೋಡುವ ಹುಡುಗನಿಗೆ ಅರ್ಧ ದಿನ ಹಿಡಿಯಿತು. ಪಾಪ, ಅವನು ಬೇಸರ ಮಾಡಿಕೊಳ್ಳಲಿಲ್ಲ.

ಬಂದು ಅಳೆದರು. ಎರಡು ತಿಂಗಳಲ್ಲಿ 49 ಮನೆಯ ಲೆಕ್ಕ ತಿದ್ದುಪಡಿ ಆಯಿತು. ಅಮ್ಮನ ಮನೆಯದು 1,910ರಿಂದ 1,180ಕ್ಕೆ ಬಂತು. ದರ ಇಳಿದಿಲ್ಲ. ಏರಿದ ದರ ಏರಿದ ಹಾಗೇ ಇದೆ, ಆರ್‌ಸಿಸಿ ಮನೆಯವರು ಪೂರ್ತಿ ಕಟ್ಟುತ್ತಿದ್ದಾರೆ. ಉಳಿದ ಎಂಟು ಮನೆಯವು ಇನ್ನೂ ಓಡಾಡುತ್ತಿವೆ. 412 ಜನರಲ್ಲಿ ಕೆಲವರು ನನ್ನ ಮೇಲೆ ಬೇಜಾರಾಗಿದ್ದಾರೆ, ನಿಮ್ಮ ಮನೆಯದು ಮಾತ್ರ ಕಮ್ಮಿ ಮಾಡಿಸಿಕೊಂಡಿರಿ ಅಂತ. ಅವರ ಬೇಜಾರು ನ್ಯಾಯವಾದದ್ದೇ. ಜನವರಿಯಲ್ಲಿ ಯಾರಾದರೂ ಬೋರ್ಡ್ ನೋಡಿದ್ದರೆ ಎಲ್ಲರ ಪರವಾಗಿ ಮಾತಾಡುವ ಅವಕಾಶ ಇತ್ತು.

ಕಂದಾಯವೇ ಬೇಡ ಅನ್ನುವವಳಲ್ಲ ನಾನು. ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಗ್ರಂಥಾಲಯ ಕರ ಅಂತ 6 ಪರ್ಸೆಂಟ್ ಇರುತ್ತದೆ, ಭಿಕ್ಷುಕರ ಕರ ಅಂತ 3 ಪರ್ಸೆಂಟ್. ಅಪ್ಪ ಕಣ್ಣು ಮಂಜಾಗುವವರೆಗೂ ದಿನಾ ಸಂಜೆ ಊರಿನ ಗ್ರಂಥಾಲಯದಲ್ಲಿ ಕೂತು ಮೂರು ಪೇಪರ್ ಓದುತ್ತಿದ್ದರು. ವಾಟರ್‌ಮ್ಯಾನ್ ಬೆಳಗಿನ ಜಾವ ಐದಕ್ಕೆ ಎದ್ದು ಮೋಟಾರ್ ಹಾಕುವುದೂ ಇದೇ ಪಂಚಾಯಿತಿಯ ದುಡ್ಡಿನಲ್ಲಿ. ಹೆಂಚಿನ ಮನೆಗೆ ಹೆಂಚಿನ ಕಂದಾಯ ಹಾಕಿ ಅನ್ನುವುದಷ್ಟೇ ನನ್ನ ಹಟ.

ಈಗ ಪ್ರತಿ ಸೋಮವಾರ ಅಂಗಡಿಗೆ ಬರುವ ಮುಂಚೆ ಪಂಚಾಯಿತಿ ಬೋರ್ಡಿನ ಫೋಟೋ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಒಂದರ ಮೇಲೊಂದು ಅಂಟಿಸಿದ್ದರೆ ಮೇಲಿನದನ್ನು ಸರಿಸಿ ಕೆಳಗಿನದನ್ನೂ ತೆಗೆಯುತ್ತೇನೆ. ಹೋದ ವಾರ ಹೊಸ ನೋಟಿಸ್ ಬಿದ್ದಿದೆ. ನೀರಿನ ಶುಲ್ಕ ಏರಿಸುವುದಕ್ಕೆ. ಆಕ್ಷೇಪಣೆ ಇದ್ದರೆ 30 ದಿನದೊಳಗೆ ಲಿಖಿತವಾಗಿ ಸಲ್ಲಿಸಿ ಅಂತ ಇದೆ. ಮನೆಯಲ್ಲಿ ಒಬ್ಬರೇ ಇರುವ ಮುದುಕಿಗೂ, ನಾಲ್ಕು ರೂಮು ಬಾಡಿಗೆಗೆ ಕೊಟ್ಟವರಿಗೂ ಒಂದೇ ದರ ಇಟ್ಟಿದ್ದಾರೆ. ಕೇಳಬೇಕಾದ ಪ್ರಶ್ನೆ ಅದೇ.

ನಿನ್ನೆ ಮೂಲೆಮನೆ ಅಜ್ಜಿಯ ಮನೆಗೆ ಹೋಗಿ ಹೇಳಿದೆ. ಅಜ್ಜಿ ಎಡಗೈ ಚಾಚಿಯೇಬಿಟ್ಟರು. "ಈ ಸಲ ಕಮ್ಮಿ ಆಯ್ತದಾ?"

"ಗೊತ್ತಿಲ್ಲ ಅಜ್ಜಿ. ಆದರೆ ಈ ಸಲ ಅವರು ಓದಲೇಬೇಕು" ಅಂದೆ.

ಇನ್ನೂ 22 ದಿನ ಇದೆ. ನಾಳೆ ಬೆಳಿಗ್ಗೆ ಆರೂವರೆಗೆ ಡೈರಿ ಹತ್ತಿರ ಇರುತ್ತೇನೆ. ಇಂಕ್ ಪ್ಯಾಡ್ ಒಣಗಿತ್ತು, ಹೊಸದು ತಂದಿದ್ದೇನೆ.